ಡಿಜಿಟಲ್ ಕಲ್ಚರ್, ಎಐ ಬಂದ್ಮೇಲೆ ದೇಶ-ದೇಶಗಳ ಸಂಬಂಧ ನಿಜವಾಗ್ಲೂ ಬದಲಾಗಿದ್ಯಾ, ಇಲ್ಲ ಹಳೇ ಆಟಕ್ಕೆ ಹೊಸ ಸಾಮಾನು ಅಷ್ಟೇನಾ?

ಪ್ರಶ್ನೆ_ಜಾಸ್ತಿ

ಎಲ್ರಿಗೂ ನಮಸ್ಕಾರ. ನಾನು ಎಂಎ ಪೊಲಿಟಿಕಲ್ ಸೈನ್ಸ್ ಓದ್ತಿದೀನಿ, ಇಂಟರ್‌ನ್ಯಾಷನಲ್ ರಿಲೇಷನ್ಸ್ ಪೇಪರ್‌ಗೆ ಒಂದು ಸೆಮಿನಾರ್ ಕೊಡ್ಬೇಕು, ಟಾಪಿಕ್ ಮೇಲಿರೋದೇ. ಓದ್ತಾ ಹೋದಷ್ಟೂ ಗೊಂದಲ ಜಾಸ್ತಿ ಆಗ್ತಿದೆ ಯಾಕಂದ್ರೆ ಸಿಗೋ ಬರಹ ಎಲ್ಲಾ ಎರಡೇ ಥರ, ಒಂದು ಕಡೆಯವ್ರು ಇನ್ಮೇಲೆ ಗಡಿ, ರಾಯಭಾರಿ, ಒಪ್ಪಂದ ಇವಕ್ಕೆಲ್ಲ ಬೆಲೆನೇ ಇರಲ್ಲ ಅಂತ ಬರೀತಾರೆ, ಇನ್ನೊಂದು ಕಡೆ ರಿಯಲಿಸ್ಟ್‌ಗಳು ಬಲ ಇದ್ದೋನದ್ದೇ ರಾಜ್ಯ, ಆಗ ಫಿರಂಗಿ ಈಗ ಚಿಪ್ಪು, ಅದರಲ್ಲಿ ಹೊಸದೇನು ಅಂತಾರೆ. ನಂಗೆ ಎರಡೂ ಪೂರ್ತಿ ಒಪ್ಪೋಕಾಗ್ತಿಲ್ಲ.

ನಾನು ಕೇಳ್ತಿರೋದು ಇಷ್ಟು: ಇಂಥದ್ದು ಮೊದ್ಲು ಇರ್ಲಿಲ್ಲ, ಈಗ ಇದೆ ಅಂತ ಬೆರಳಿಟ್ಟು ತೋರಿಸೋ ಬದಲಾವಣೆ ಯಾವುದಾದ್ರೂ ಇದ್ಯಾ? ಘಟನೆ, ಇಸವಿ ಸಮೇತ ಹೇಳಿದ್ರೆ ತುಂಬಾ ಉಪಕಾರ. ಮತ್ತೆ ಮೀಮು, ಫ್ಯಾನ್‌ಗಳು, ವೈರಲ್ ವಿಡಿಯೋ ಇಂಥ "ಕಲ್ಚರ್" ಕಡೆಯಿಂದ ಒಂದು ಸರ್ಕಾರ ನಿಜವಾಗ್ಲೂ ಅಲ್ಲಾಡಿದ ಉದಾಹರಣೆ ಇದ್ರೆ ಅದನ್ನೂ ಹೇಳಿ, ಯಾಕಂದ್ರೆ ಪುಸ್ತಕಗಳಲ್ಲಿ ಎಲ್ಲಾ ಬರೀ ಸೈಬರ್ ಅಟ್ಯಾಕ್ ಬಗ್ಗೆನೇ ಇದೆ.

ಸಂಧಿವಿಗ್ರಹಿ

ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದವಾಗೇ ಬರೀತೀನಿ. ಬೆರಳಿಟ್ಟು ತೋರಿಸಿ ಅಂದ್ರೆ ನಾನು ತೋರಿಸೋದು ಟೈಮನ್ನ. ಸರ್ಕಾರಗಳಿಗೆ ಬಾಗಿಲು ಹಾಕ್ಕೊಂಡು ಯೋಚ್ನೆ ಮಾಡೋಕೆ ಮೊದ್ಲು ಒಂದಿಷ್ಟು ದಿನ ಸಿಕ್ತಿತ್ತು, ಅದು ಹೋಯ್ತು.

1962ರ ಕ್ಯೂಬಾ ಬಿಕ್ಕಟ್ಟು ತಗೊಳ್ಳಿ. ಸೋವಿಯತ್‌ನವ್ರು ಅಲ್ಲಿ ಇಟ್ಟಿದ್ದ ಮಿಸೈಲ್‌ಗಳ ಫೋಟೋ ಅಮೆರಿಕದ ಅಧ್ಯಕ್ಷ ಕೆನಡಿ ಮುಂದೆ ಬಂದಿದ್ದು ಅಕ್ಟೋಬರ್ 16ಕ್ಕೆ, ಅವ್ರು ಟಿವಿ ಮುಂದೆ ಬಂದು ಜನಕ್ಕೆ ಹೇಳಿದ್ದು 22ಕ್ಕೆ. ನಡುವೆ ಆರು ದಿನ ಈ ವಿಷ್ಯ ಹೊರಗೆ ಯಾರಿಗೂ ಗೊತ್ತಿಲ್ಲ. ಮೊದಲ ದಿನ ಆ ರೂಮಲ್ಲಿ ಕೂತಿದ್ದವ್ರಲ್ಲಿ ಸುಮಾರು ಜನ ಬಾಂಬ್ ಹಾಕೋಣ ಅನ್ನೋ ಕಡೆಗೇ ಇದ್ರು, ದಿನಾ ವಾದ ಮಾಡ್ತಾ ಮಾಡ್ತಾ ಸಮುದ್ರದಲ್ಲಿ ಹಡಗು ತಡೆಯೋದು ಅನ್ನೋ ತೀರ್ಮಾನಕ್ಕೆ ಬಂದ್ರು. ಈಗ ಅದೇ ಥರ ಸ್ಯಾಟಲೈಟ್ ಫೋಟೋ ಪ್ರೈವೇಟ್ ಕಂಪನಿಗಳೇ ಮಾರ್ತವೆ, ಮನೇಲಿ ಕೂತು ಅದನ್ನ ವಿಶ್ಲೇಷಣೆ ಮಾಡಿ ಪೋಸ್ಟ್ ಹಾಕೋರು ಸಾವಿರ ಜನ ಇದಾರೆ. ಆರು ದಿನ ಬಿಡಿ, ಆರು ಗಂಟೆ ಮುಚ್ಚಿಡೋಕಾಗಲ್ಲ. ಮುಚ್ಚಿಡೋಕಾಗದಿದ್ರೆ ಏನಾಗತ್ತೆ ಅಂದ್ರೆ, ಮೊದಲ ದಿನದ ಕೋಪದಲ್ಲೇ ಎಲ್ರ ಮುಂದೆ ಮಾತಾಡ್ಬೇಕಾಗತ್ತೆ, ಒಂದ್ಸಲ ಎಲ್ರ ಮುಂದೆ ಮಾತಾಡಿದ್ಮೇಲೆ ಹಿಂದೆ ಸರಿಯೋದು ಕಷ್ಟ.

ಇದಕ್ಕೆ ನಂಗೆ ಯಾವಾಗ್ಲೂ ನೆನಪಾಗೋದು 2016ರ ಡಿಸೆಂಬರ್. ಒಂದು ಸುಳ್ಳು ಸುದ್ದಿ ವೆಬ್‌ಸೈಟು, ಪಾಕಿಸ್ತಾನ ಸಿರಿಯಾಗೆ ಸೈನ್ಯ ಕಳಿಸಿದ್ರೆ ಅಣುಬಾಂಬ್ ಹಾಕ್ತೀವಿ ಅಂತ ಇಸ್ರೇಲ್ ರಕ್ಷಣಾ ಮಂತ್ರಿ ಹೇಳಿದಾರೆ ಅಂತ ಬರೀತು. ಅವ್ರು ಹೆಸರು ಹಾಕಿದ್ದ ಮನುಷ್ಯ ಆಗ ಮಂತ್ರಿನೇ ಆಗಿರ್ಲಿಲ್ಲ, ಆ ವರ್ಷ ಮೇ ತಿಂಗಳಲ್ಲೇ ರಾಜೀನಾಮೆ ಕೊಟ್ಟಿದ್ರು. ಅದನ್ನ ನೋಡಿ ಪಾಕಿಸ್ತಾನದ ರಕ್ಷಣಾ ಮಂತ್ರಿ ಖವಾಜಾ ಆಸಿಫ್ ಟ್ವಿಟರ್‌ನಲ್ಲೇ ನಾವೂ ಅಣ್ವಸ್ತ್ರ ದೇಶ, ಮರೀಬೇಡಿ ಅಂತ ಬರೆದ್ರು. ಇಸ್ರೇಲಿನ ರಕ್ಷಣಾ ಇಲಾಖೆನೂ ಟ್ವಿಟರ್‌ನಲ್ಲೇ ಆ ಹೇಳಿಕೆ ಪೂರ್ತಿ ಸುಳ್ಳು ಅಂತ ಉತ್ತರ ಕೊಡ್ತು. ಪರಸ್ಪರ ರಾಯಭಾರ ಸಂಬಂಧನೇ ಇಲ್ಲದ ಎರಡು ದೇಶಗಳು ಅಣುಬಾಂಬ್ ವಿಷ್ಯ ಟ್ವೀಟ್‌ನಲ್ಲಿ ಮಾತಾಡಿಕೊಂಡ್ವು. ನೋಡಿ, ಇಲ್ಲಿ ಎಐ ಇಲ್ಲವೇ ಇಲ್ಲ, ಸಾಧಾರಣ ಒಂದು ಕಳಪೆ ವೆಬ್‌ಸೈಟ್ ಸಾಕಾಯ್ತು.

2017ರ ಕತಾರ್ ವಿಷ್ಯನೂ ಹಂಗೇ. ಮೇ ತಿಂಗಳಲ್ಲಿ ಕತಾರ್ ಸರ್ಕಾರಿ ನ್ಯೂಸ್ ಏಜೆನ್ಸಿ ಸೈಟ್ ಹ್ಯಾಕ್ ಮಾಡಿ ಅಲ್ಲಿನ ಅಮೀರ್ ಹೆಸರಲ್ಲಿ ಆಡದೇ ಇದ್ದ ಮಾತು ಹಾಕಿದ್ರು, ಕತಾರ್ ಸುಳ್ಳು ಅಂತ ಹೇಳಿದ್ಮೇಲೂ ಅಕ್ಕಪಕ್ಕದ ದೇಶಗಳ ಟಿವಿಗಳು ಅದನ್ನೇ ಓಡಿಸಿದ್ವು, ಜೂನ್ 5ಕ್ಕೆ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸಂಬಂಧ ಕಡಿದುಕೊಂಡ್ವು. ಅದು ಸರಿಯಾಗಿದ್ದು 2021ರ ಜನವರಿಗೆ. ಜಗಳದ ಬೇರು ಹಳೇದು, ಒಪ್ತೀನಿ, ಆದ್ರೆ ಆ ಸಮಯಕ್ಕೆ ಕಿಡಿ ಹಚ್ಚಿದ್ದು ಆ ಸುಳ್ಳು ಹೇಳಿಕೆ.

ಈಗ ಇದರ ಮೇಲೆ ಎಐ ಬಂದು ಕೂತಿದೆ. 2022ರ ಮಾರ್ಚಲ್ಲಿ ಉಕ್ರೇನ್ ಅಧ್ಯಕ್ಷ ಜೆಲೆನ್ಸ್ಕಿ ಶರಣಾಗಿ ಅಂತ ಹೇಳ್ತಿರೋ ಡೀಪ್‌ಫೇಕ್, ಅಂದ್ರೆ ಎಐ ಕಟ್ಟಿದ ನಕಲಿ ವಿಡಿಯೋ, ಬಂದಾಗ ತಲೆ ಒಂದು ಕಡೆ ಮೈ ಒಂದು ಕಡೆ ಇದ್ದ ಹಂಗಿತ್ತು, ಯಾರೂ ನಂಬ್ಲಿಲ್ಲ. ಎರಡೂವರೆ ವರ್ಷ ಆದ್ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಸೆನೆಟರ್ ಬೆನ್ ಕಾರ್ಡಿನ್ ಅವ್ರ ಜೊತೆ ಉಕ್ರೇನ್ ಮಾಜಿ ವಿದೇಶಾಂಗ ಮಂತ್ರಿ ಕುಲೇಬಾ ವೇಷದಲ್ಲಿ ಯಾರೋ ವಿಡಿಯೋ ಕಾಲ್‌ನಲ್ಲಿ ಲೈವ್ ಮಾತಾಡಿದ್ರು. ಕಾರ್ಡಿನ್ ಆಗ ಸೆನೆಟ್‌ನ ವಿದೇಶಾಂಗ ಸಮಿತಿ ಅಧ್ಯಕ್ಷ. ಮುಖ, ಧ್ವನಿ ಎಲ್ಲಾ ಸರಿಯಾಗೇ ಇತ್ತಂತೆ, ಕೇಳೋ ಪ್ರಶ್ನೆಗಳ ದಾಟಿ ನೋಡಿ ಅನುಮಾನ ಬಂದು ಕಾಲ್ ಕಟ್ ಮಾಡಿದಾರೆ. 2025ರ ಜುಲೈನಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಮಾರ್ಕೋ ರೂಬಿಯೋ ಧ್ವನಿ ನಕಲು ಮಾಡಿ ಸಿಗ್ನಲ್ ಆಪ್ ಮೂಲಕ ಮೂರು ದೇಶಗಳ ವಿದೇಶಾಂಗ ಮಂತ್ರಿಗಳನ್ನ ಮಾತಾಡಿಸೋಕೆ ನೋಡಿದ್ದು ಹೊರಗೆ ಬಂತು. ಜನ ಮೋಸ ಹೋಗೋದು ಒಂದು ತೊಂದರೆ, ಆದ್ರೆ ಮಂತ್ರಿ ಮಂತ್ರಿಗೆ ಫೋನ್ ಮಾಡಿದಾಗ ಆ ಕಡೆ ಇರೋದು ಅವ್ರೇನಾ ಅನ್ನೋ ಅನುಮಾನ ಬಂದ್ರೆ ಡಿಪ್ಲೊಮಸಿಗೆ ಉಳಿಯೋದೇನು? ನಂಗೆ ಇದೇ ಎಲ್ಲಕ್ಕಿಂತ ಭಯ ಹುಟ್ಟಿಸೋ ವಿಷ್ಯ.

ತಂತಿಮನೆ

ಸಂಧಿವಿಗ್ರಹಿ ಅವ್ರ, ಬರದದ್ದು ಛಲೋ ಅದ ಆದ್ರ ಟೈಮ್ ಹೋತು ಅನ್ನೋದಕ್ಕ ನನ್ನ ತಕರಾರು ಅದ ನೋಡ್ರಿ. ನೀವು 1962ರ ಆರು ದಿನ ಹೇಳಿದ್ರಿ, ನಾ 1870ರ ಆರು ದಿನ ಹೇಳ್ತೇನಿ.

1870ರ ಜುಲೈ 13ಕ್ಕ ಎಮ್ಸ್ ಅನ್ನೋ ಊರಾಗ ಪ್ರಷ್ಯಾದ ಅರಸ ವಿಲ್ಹೆಲ್ಮ್‌ಗ ಫ್ರಾನ್ಸಿನ ರಾಯಭಾರಿ ಭೆಟ್ಟಿ ಆದ. ಮಾತುಕತಿ ಮರ್ಯಾದಿಂದನ ಆಗಿತ್ತು. ಅದರ ವರದಿ ತಂತಿ (ಟೆಲಿಗ್ರಾಫ್) ಮ್ಯಾಲೆ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಕಡೆ ಬಂತು, ಆ ಮನಶ್ಯಾ ಒಂದು ಸುಳ್ಳು ಸೇರಸ್ಲಿಲ್ಲ, ಬರೇ ಕೆಲವು ಸಾಲು ಕತ್ತರಿಸಿದ. ಕತ್ತರಿಸಿದ ಮ್ಯಾಲೆ ಓದಿದ್ರ ಅರಸ ರಾಯಭಾರಿಗೆ ಅವಮಾನ ಮಾಡಿ ಕಳಿಸ್ಯಾನ ಅನ್ನೋಹಂಗ ಕಾಣಸ್ತಿತ್ತು. ಅದನ್ನ ಪೇಪರಿಗೆ ಕೊಟ್ಟ. ಪ್ಯಾರಿಸ್ಸಿನ್ಯಾಗ ಮಂದಿ ಬೀದಿಗೆ ಇಳದ್ರು, ಜುಲೈ 19ಕ್ಕ ಫ್ರಾನ್ಸ್ ಯುದ್ಧ ಸಾರಿತು. ಮಾತುಕತಿಯಿಂದ ಯುದ್ಧಕ್ಕ ಆರು ದಿನ. ಅವತ್ತ ಇಂಟರ್ನೆಟ್ ಎಲ್ಲಿತ್ರಿ? ಎಡಿಟ್ ಮಾಡಿದ ಕ್ಲಿಪ್ಪು, ಸಿಟ್ಟಿಗೆದ್ದ ಮಂದಿ, ಹಿಂದ ಸರ್ಯಾಕ ಆಗದ ಸರ್ಕಾರ, ಎಲ್ಲಾ ಇತ್ತಲ್ಲ. ಹಂಗಾಗಿ ಕೆನಡಿಗೆ ಸಿಕ್ಕ ಆರು ದಿನ ಏನದಲಾ, ಅದು ಇತಿಹಾಸದಾಗ ಒಂದು ಅಪರೂಪದ ಅನುಕೂಲ ಅಂತ ನಾ ತಿಳಕೊಂಡೇನಿ. ಟಿವಿ, ಪೇಪರ್ ಸರ್ಕಾರದ ಮಾತು ಕೇಳಿ ಸುಮ್ನಿರೋ ಕಾಲ ಅದು, ಅದನ್ನ ಅಳತೆಗೋಲು ಮಾಡಬ್ಯಾಡ್ರಿ.

ಎರಡನೇದು ತಂತಿ ಯಾರದ್ದು ಅನ್ನೋ ಪ್ರಶ್ನೆ. 1914ರ ಆಗಸ್ಟಿನ್ಯಾಗ ಯುದ್ಧ ಸುರು ಆದ ಕೂಡ್ಲೆ ಬ್ರಿಟನ್ ಮಾಡಿದ ಮೊದಲ ಕೆಲಸದಾಗ ಒಂದು ಜರ್ಮನಿಯ ಸಮುದ್ರದ ತಂತಿ ಕತ್ತರಿಸಿದ್ದು. ಜರ್ಮನಿ ಸಂದೇಶ ಕಳಸ್ಬೇಕಂದ್ರ ಬ್ಯಾರೇದವ್ರ ತಂತಿ ಹಿಡೀಬೇಕಾತು. 1917ರ ಜನವರಿಯಾಗ ಜರ್ಮನಿಯ ವಿದೇಶಾಂಗ ಮಂತ್ರಿ ಜಿಮ್ಮರ್‌ಮನ್ ಮೆಕ್ಸಿಕೊಕ್ಕ ಕಳಿಸಿದ ಗುಟ್ಟಿನ ತಂತಿ, ಅಮೆರಿಕದ ವಿರುದ್ಧ ನೀವು ನಮ್ಮ ಜೋಡಿ ಬರ್ರಿ ಅನ್ನೋದು, ಹೋಗಿದ್ದು ಅಮೆರಿಕದ್ದ ರಾಜತಾಂತ್ರಿಕ ಲೈನ್ ಮ್ಯಾಲೆ, ಅದು ಬ್ರಿಟನ್ ಮೂಲಕ ಹಾಯ್ತಿತ್ತು, ಬ್ರಿಟಿಷರು ಓದಿಬಿಟ್ರು. ಸಬ್‌ಮರೀನ್ ದಾಳಿ ಜೋಡಿ ಇದೂ ಕೂಡಿ ಏಪ್ರಿಲ್‌ದಾಗ ಅಮೆರಿಕ ಯುದ್ಧಕ್ಕ ಇಳೀತು. ಇವತ್ತೂ ಖಂಡದಿಂದ ಖಂಡಕ್ಕ ಹೋಗೋ ಡೇಟಾ ನೂರಕ್ಕ 95ಕ್ಕಿಂತ ಹೆಚ್ಚು ಸಮುದ್ರದ ತಳದ ಕೇಬಲ್‌ದಾಗ ಹೋಗ್ತದ, ಮಂದಿ ಎಲ್ಲಾ ಸ್ಯಾಟಲೈಟ್ ಅಂತ ತಿಳಕೊಂಡಾರ. 2022ರ ಜನವರಿ 15ಕ್ಕ ಟೊಂಗಾದಾಗ ಜ್ವಾಲಾಮುಖಿ ಸಿಡಿದು ಇದ್ದ ಒಂದು ಅಂತರರಾಷ್ಟ್ರೀಯ ಕೇಬಲ್ ಹರದು ಐದು ವಾರದ ಮಟ ಆ ದೇಶ ಹೊರಗಿನ ಜಗತ್ತಿಗೆ ಅರ್ಧಾ ಕಳದುಹೋಗಿತ್ತು.

ಹೊಸದು ಏನರ ಅದ ಅಂದ್ರ ಇಷ್ಟ: ಆಗ ತಂತಿ ಹಾಕ್ತಿದ್ದವ್ರು ಸರ್ಕಾರಗಳು, ಇಲ್ಲಾ ಸರ್ಕಾರದ ಬೆಂಬಲ ಇದ್ದ ಖಾಸಗಿ ತಂತಿ ಕಂಪನಿಗಳು. ಈಗ ಗೂಗಲ್, ಮೆಟಾ ತಮ್ಮ ಸ್ವಂತ ಕೇಬಲ್ ಹಾಕ್ಕೋತಾವ. ಇದನ್ನ ಮಾತ್ರ ಬಿಸ್ಮಾರ್ಕ್ ನೋಡಿದ್ದಿಲ್ಲ.

ವೇಫರ್_ವಿಶ್ವ

ನಾನು ಚಿಪ್ ಡಿಸೈನ್ ಫೀಲ್ಡಲ್ಲಿ ಇರೋನು, ಐಆರ್ ಥಿಯರಿ ಅಷ್ಟಾಗಿ ಗೊತ್ತಿಲ್ಲ, ಆದ್ರೆ ಎಲ್ರೂ ಮಾತು, ಸುದ್ದಿ, ವಿಡಿಯೋ ಬಗ್ಗೆನೇ ಹೇಳ್ತಿದೀರ, ಎಐ ಅಂದ್ರೆ ಅದು ಓಡೋಕೆ ಒಂದು ಕಬ್ಬಿಣದ ಸಾಮಾನು ಬೇಕಲ್ವಾ, ದೇಶಗಳು ನಿಜವಾಗ್ಲೂ ಕಿತ್ತಾಡ್ತಿರೋದು ಅಲ್ಲಿ.

ಅತಿ ಸಣ್ಣ ಚಿಪ್ ಮಾಡೋಕೆ ಬೇಕಾದ ಇಯುವಿ ಯಂತ್ರ (ಅತಿನೇರಳೆ ಬೆಳಕಿಂದ ಚಿಪ್ ಮೇಲೆ ಗೆರೆ ಮೂಡಿಸೋದು) ಮಾಡೋ ಕಂಪನಿ ಇಡೀ ಪ್ರಪಂಚದಲ್ಲಿ ಒಂದೇ, ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್. ಆ ಯಂತ್ರದ ಕನ್ನಡಿ ಜರ್ಮನಿಯ ಝೈಸ್‌ದು, ಬೆಳಕಿನ ಭಾಗ ಅಮೆರಿಕದ ಸ್ಯಾನ್ ಡಿಯಾಗೋದ್ದು. ಆ ಯಂತ್ರ ಕೂರಿಸ್ಕೊಂಡು ಮುಂದುವರಿದ ಚಿಪ್‌ಗಳಲ್ಲಿ ಬಹುಪಾಲು ಮಾಡೋದು ತೈವಾನಿನ ಟಿಎಸ್‌ಎಂಸಿ. ಅಂದ್ರೆ ನಾಲ್ಕು ದೇಶ ಒಪ್ಪಿದ್ರೆ ಮಾತ್ರ ಒಂದು ಚಿಪ್ಪು. ಹಂಗಾಗಿ ಯಾರಾದ್ರೂ ಒಬ್ಬರು ಬೇಡ ಅಂದ್ರೆ ಸಾಕು, ಸರಪಳಿ ನಿಲ್ಲತ್ತೆ. 2022ರ ಅಕ್ಟೋಬರ್ 7ಕ್ಕೆ ಅಮೆರಿಕ ಇದನ್ನೇ ಮಾಡಿದ್ದು, ಎಐ ಟ್ರೈನ್ ಮಾಡೋ ಚಿಪ್‌ಗಳು, ಅವನ್ನ ತಯಾರು ಮಾಡೋ ಸಲಕರಣೆ ಎರಡೂ ಚೀನಾಗೆ ಹೋಗ್ಬಾರ್ದು ಅಂತ ರೂಲ್ ತಂತು. ಮರುವರ್ಷ ಜಪಾನ್, ನೆದರ್‌ಲ್ಯಾಂಡ್ಸ್ ಕೂಡ ತಮ್ಮ ತಮ್ಮ ನಿರ್ಬಂಧ ಹಾಕಿದ್ವು. ಅಮೆರಿಕದ ಚಿಪ್ ಕಂಪನಿ ಎನ್ವಿಡಿಯಾ ರೂಲ್ ಒಳಗೇ ಬರೋ ಹಂಗೆ ಸ್ವಲ್ಪ ತಗ್ಗಿಸಿದ ಚಿಪ್ ಮಾಡಿ ಚೀನಾಗೆ ಮಾರಿತು, 2023ರ ಅಕ್ಟೋಬರ್‌ನಲ್ಲಿ ಅದನ್ನೂ ಮುಚ್ಚಿದ್ರು. ಚೀನಾ ಸುಮ್ನೆ ಕೂತಿಲ್ಲ, 2023ರ ಆಗಸ್ಟ್‌ನಿಂದ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಲೈಸೆನ್ಸ್ ಬೇಕು ಅಂತು, 2024ರ ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಕೊಡೋದನ್ನ ನಿಲ್ಲಿಸೇಬಿಡ್ತು.

ಆದ್ರೆ ಸೆಮಿನಾರ್‌ಗೆ ನೀವು ತಪ್ಪದೇ ಹಾಕ್ಬೇಕಾಗಿರೋದು 2025ರ ಜನವರಿ 13. ಬೈಡನ್ ಸರ್ಕಾರ ಹೋಗೋ ಒಂದು ವಾರ ಮುಂಚೆ ಹೊರಡಿಸಿದ ಒಂದು ರೂಲ್‌ನಲ್ಲಿ ಪ್ರಪಂಚದ ದೇಶಗಳನ್ನ ಮೂರು ದರ್ಜೆಯಾಗಿ ವಿಂಗಡಿಸಿದ್ರು, ಎಐ ಚಿಪ್ ಯಾರಿಗೆ ಎಷ್ಟು ಸಿಗ್ಬೇಕು ಅಂತ. ಮೊದಲ ದರ್ಜೆಯಲ್ಲಿ ಅಮೆರಿಕದ ಜೊತೆ 18 ದೇಶ. ಪೋಲೆಂಡ್, ಪೋರ್ಚುಗಲ್ ಥರ ನ್ಯಾಟೋ ಒಳಗೇ ಇರೋ ದೇಶಗಳು ಎರಡನೇ ದರ್ಜೆಗೆ ಬಿದ್ವು, ಭಾರತ, ಸ್ವಿಟ್ಜರ್‌ಲ್ಯಾಂಡ್ ಕೂಡ ಅಲ್ಲೇ. ಸೈನಿಕ ಒಪ್ಪಂದದಲ್ಲಿ ನಮ್ಮೋರು, ಕಂಪ್ಯೂಟಿಂಗ್ ಲೆಕ್ಕದಲ್ಲಿ ಅರ್ಧ ಹೊರಗಿನೋರು. ಆ ರೂಲ್ ಜಾರಿ ಆಗೋಕೆ ಎರಡು ದಿನ ಮೊದ್ಲೇ, ಮೇ 13ಕ್ಕೆ, ಟ್ರಂಪ್ ಸರ್ಕಾರ ಅದನ್ನ ವಾಪಸ್ ತಗೊಳ್ತು, ಆ ಮಾತು ಬೇರೆ, ಆದ್ರೆ ಆ ಪಟ್ಟಿ ನೋಡಿದ ದೇಶಗಳು ಮರೆಯಲ್ಲ. "ನಮ್ಮದೇ ಎಐ, ನಮ್ಮದೇ ಡೇಟಾ ಸೆಂಟರ್" ಅನ್ನೋ ಕೂಗು ಇಷ್ಟು ಜೋರಾಗಿದ್ದಕ್ಕೆ ಇಂಥ ಪಟ್ಟಿಗಳ ಭಯನೂ ಒಂದು ಕಾರಣ.

ಅದೇ ಜನವರಿಲಿ ಚೀನಾದ ಎಐ ಮಾಡೆಲ್ ಡೀಪ್‌ಸೀಕ್ ಬಂತು, ಕಡಿಮೆ ಚಿಪ್‌ನಲ್ಲೂ ಒಳ್ಳೆ ಮಾಡೆಲ್ ಮಾಡ್ಬಹುದು ಅಂತ ತೋರಿಸಿ ಜನವರಿ 27ರ ಒಂದೇ ದಿನ ಎನ್ವಿಡಿಯಾ ಮಾರ್ಕೆಟ್ ಬೆಲೆ ಹತ್ತಿರ ಹತ್ತಿರ 60,000 ಕೋಟಿ ಡಾಲರ್ ಇಳೀತು. ಬೇಲಿ ಹಾಕಿದ್ದಕ್ಕೇ ಅವ್ರು ಒಳಗೆ ಚುರುಕಾದ್ರಾ, ಬೇಲಿ ಇಲ್ಲದಿದ್ರೆ ಇನ್ನೂ ಮುಂದೆ ಹೋಗ್ತಿದ್ರಾ ಅನ್ನೋ ಜಗಳ ನಮ್ಮ ಫೀಲ್ಡಲ್ಲಿ ಇವತ್ತಿಗೂ ಮುಗಿದಿಲ್ಲ. ನನ್ನ ಅನಿಸಿಕೆ, ಎರಡೂ ನಿಜ, ಹಾರ್ಡ್‌ವೇರ್ ತಡೆಯೋದು ಒಂದಷ್ಟು ವರ್ಷ ಕೊಡತ್ತೆ, ಶಾಶ್ವತವಾಗಿ ತಡೆಯಲ್ಲ.

ಪ್ರಶ್ನೆ_ಜಾಸ್ತಿ

ಮೂರು ಜನಕ್ಕೂ ತುಂಬಾ ತುಂಬಾ ಥ್ಯಾಂಕ್ಸ್. ಎಮ್ಸ್ ತಂತಿ ವಿಷ್ಯ ನಮ್ಮ ಸಿಲಬಸ್‌ನಲ್ಲಿ ಇತ್ತು, ಆದ್ರೆ ಎಡಿಟ್ ಮಾಡಿದ ಕ್ಲಿಪ್ ಥರ ಅಂತ ಯಾವತ್ತೂ ನೋಡಿರ್ಲಿಲ್ಲ. ಮೂರು ದರ್ಜೆ ಪಟ್ಟಿ ಅಂತೂ ಖಂಡಿತ ಹಾಕ್ತೀನಿ. ಆದ್ರೆ ಕಲ್ಚರ್ ಭಾಗ ಯಾರೂ ಮುಟ್ಟೇ ಇಲ್ಲ, ಮತ್ತೆ ಸಣ್ಣ ದೇಶಗಳು ಈ ಕಥೇಲಿ ಬರೀ ನೋಡ್ತಾ ಕೂರೋದಾ? ದೊಡ್ಡೋರ ಜಗಳದಲ್ಲಿ ಅವ್ರಿಗೆ ಏನಾದ್ರೂ ದಾರಿ ಇದ್ಯಾ?

ಮಿಂಚುಳ್ಳಿ

ಕಲ್ಚರ್ ಭಾಗ ನಾನು ಹೇಳ್ತೀನಿ, ಏಷ್ಯಾದ ಇಂಟರ್ನೆಟ್ ಜಗಳಗಳನ್ನ ತುಂಬಾ ವರ್ಷದಿಂದ ಫಾಲೋ ಮಾಡ್ತಿದೀನಿ.

2020ರ ಏಪ್ರಿಲ್‌ನಲ್ಲಿ ಥಾಯ್ಲೆಂಡಿನ ಒಬ್ಬ ನಟ ಟ್ವಿಟರ್‌ನಲ್ಲಿ ಒಂದು ಫೋಟೋ ಪೋಸ್ಟ್ ಲೈಕ್ ಮಾಡಿದ್ರು, ಅದರಲ್ಲಿ ಹಾಂಗ್‌ಕಾಂಗ್ ಒಂದು ದೇಶ ಅನ್ನೋ ಹಂಗೆ ಬರೆದಿತ್ತು. ಚೀನಾದ ರಾಷ್ಟ್ರವಾದಿ ಹುಡುಗರು ಸಾವಿರಗಟ್ಟಲೆ ಬಂದು ಬೈಯೋಕೆ ಶುರು ಮಾಡಿದ್ರು. ಥಾಯ್ ಫ್ಯಾನ್‌ಗಳಿಗೆ ನೋವಾಗ್ಲಿ ಅಂತ ಅವ್ರ ಸರ್ಕಾರನ ಬೈದ್ರೆ ಇವ್ರು "ಇನ್ನೂ ಜೋರಾಗಿ ಬೈಯ್ರಿ" ಅಂತ ಮೀಮ್ ಹಾಕಿದ್ರು, ಯಾಕಂದ್ರೆ ಇವ್ರಿಗೂ ಆ ಸರ್ಕಾರದ ಮೇಲೆ ಕೋಪನೇ. ತೈವಾನ್, ಹಾಂಗ್‌ಕಾಂಗ್ ಜನ ಇವ್ರ ಜೊತೆ ಸೇರಿದ್ರು, ಮೂರೂ ಕಡೆ ಹಾಲು ಹಾಕಿದ ಟೀ ಕುಡೀತಾರೆ ಅಂತ ಮಿಲ್ಕ್ ಟೀ ಅಲಯನ್ಸ್ ಅನ್ನೋ ಹೆಸರು ಬಂತು. ಇಲ್ಲೀವರೆಗೂ ಹುಡುಗಾಟ ಅನ್ನಬಹುದು. ಆದ್ರೆ ಬ್ಯಾಂಕಾಕ್‌ನಲ್ಲಿದ್ದ ಚೀನಾ ರಾಯಭಾರ ಕಚೇರಿನೇ ಫೇಸ್‌ಬುಕ್‌ನಲ್ಲಿ ಉದ್ದನೆಯ ಹೇಳಿಕೆ ಹಾಕ್ಬೇಕಾಯ್ತು. ಮರುವರ್ಷ ಫೆಬ್ರವರಿಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಅಲ್ಲಿನ ಹುಡುಗರೂ ಇದೇ ಹೆಸರಲ್ಲಿ ಸೇರಿಕೊಂಡ್ರು. ಸರ್ಕಾರ ಬಿತ್ತಾ? ಇಲ್ಲ. ಆದ್ರೆ ಯಾವ ಸರ್ಕಾರನೂ ಕಟ್ಟದ ಒಂದು ಕೂಟ ಗಡಿ ದಾಟಿ ಹುಟ್ಟಿತು, ಅದಕ್ಕೆ ಒಂದು ರಾಯಭಾರ ಕಚೇರಿ ಅಧಿಕೃತವಾಗಿ ಉತ್ತರ ಕೊಡ್ತು. ಇದು ತಂತಿಮನೆ ಅವ್ರು ಹೇಳೋ ಬಿಸ್ಮಾರ್ಕ್ ಕಾಲದಲ್ಲಿ ಸಾಧ್ಯ ಇರ್ಲಿಲ್ಲ, ಅಲ್ಲಿ ಪ್ಯಾರಿಸ್ ಜನ ಬೀದಿಗಿಳಿದ್ರು ಸರಿ, ಬರ್ಲಿನ್ ಜನದ ಜೊತೆ ನೇರವಾಗಿ ಮಾತಾಡೋಕಾಗ್ತಿತ್ತಾ?

ಇದರ ಉಲ್ಟಾ ಉದಾಹರಣೆನೂ ಇದೆ. 2020ರ ನವೆಂಬರ್ 30ಕ್ಕೆ ಚೀನಾ ವಿದೇಶಾಂಗ ವಕ್ತಾರ ಝಾವೋ ಲಿಜಿಯಾನ್ ಒಂದು ಚಿತ್ರ ಟ್ವೀಟ್ ಮಾಡಿದ್ರು, ಆಸ್ಟ್ರೇಲಿಯಾದ ಸೈನಿಕ ಒಬ್ಬ ಅಫ್ಘಾನ್ ಮಗುವಿನ ಕುತ್ತಿಗೆಗೆ ಚಾಕು ಹಿಡಿದಿರೋದು. ಅದು ಫೋಟೋ ಅಲ್ಲ, ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ. ಅದರ ಹಿಂದಿನ ವಿಷಯ ನಿಜ, ಆಸ್ಟ್ರೇಲಿಯಾದ್ದೇ ತನಿಖೆ ಆಗಷ್ಟೇ ತನ್ನ ವಿಶೇಷ ಪಡೆ ಅಫ್ಘಾನಿಸ್ತಾನದಲ್ಲಿ ಅಮಾಯಕರನ್ನ ಕೊಂದಿರೋ ಬಗ್ಗೆ ವರದಿ ಕೊಟ್ಟಿತ್ತು. ಪ್ರಧಾನಿ ಮಾರಿಸನ್ ಅವತ್ತೇ ಪ್ರೆಸ್ ಮೀಟ್ ಮಾಡಿ ಕ್ಷಮೆ ಕೇಳಿ ಅಂದ್ರು, ಚೀನಾ ಕೇಳ್ಲಿಲ್ಲ. ಪ್ರಧಾನಿ ಮಾತಾಡಿದ್ರಿಂದ ಆ ಚಿತ್ರ ನೋಡದೇ ಇದ್ದವ್ರೂ ಹುಡುಕಿ ನೋಡಿದ್ರು. ಒಬ್ಬ ಸರ್ಕಾರಿ ವಕ್ತಾರ ಮೀಮ್ ಹಾಕೋ ಹುಡುಗನ ಭಾಷೇಲಿ ಮಾತಾಡೋಕೆ ಶುರು ಮಾಡಿದ್ರೆ ಎದುರಿನ ದೇಶಕ್ಕೆ ಒಳ್ಳೆ ದಾರಿನೇ ಉಳಿಯಲ್ಲ, ಸುಮ್ನಿದ್ರೆ ಅವಮಾನ, ಉತ್ತರ ಕೊಟ್ರೆ ಪ್ರಚಾರ.

ಮನಸ್ಸಿಗೆ ಹಿತ ಅನ್ನಿಸಿದ್ದು ಒಂದು, 2025ರ ಜನವರಿಲಿ ಅಮೆರಿಕದಲ್ಲಿ ಟಿಕ್‌ಟಾಕ್ ನಿಂತೇ ಹೋಗತ್ತೆ ಅಂತ ಅಲ್ಲಿನ ಲಕ್ಷಾಂತರ ಜನ ಶಿಯಾವ್‌ಹಾಂಗ್‌ಶು ಅನ್ನೋ ಚೀನೀ ಆಪ್‌ಗೆ ನುಗ್ಗಿದ್ರು. ಅಲ್ಲಿ ಚೀನೀಯರು ಇವ್ರ ಹತ್ರ ಇಂಗ್ಲಿಷ್ ಹೋಮ್‌ವರ್ಕ್ ಮಾಡಿಸ್ಕೊಂಡ್ರು, ಒಳಗೆ ಬರೋಕೆ ಬೆಕ್ಕಿನ ಫೋಟೋ ಕೊಡಿ ಅಂತ ತಮಾಷೆ ಮಾಡಿದ್ರು, ಆಸ್ಪತ್ರೆ ಖರ್ಚು, ಬಾಡಿಗೆ ಎಷ್ಟು ಅಂತ ಪರಸ್ಪರ ಕೇಳಿಕೊಂಡ್ರು. ಎರಡು ಸರ್ಕಾರ ಒಬ್ಬರ ಮೇಲೊಬ್ಬರು ನಿರ್ಬಂಧ ಹಾಕ್ತಿದ್ದ ವಾರದಲ್ಲೇ ಇದು ನಡೀತು, ಮಷಿನ್ ಟ್ರಾನ್ಸ್‌ಲೇಷನ್ ಇಲ್ದೇ ಇದು ಆಗ್ತಿರ್ಲಿಲ್ಲ. ಎಐ ಅಂದ ತಕ್ಷಣ ಡೀಪ್‌ಫೇಕ್ ಒಂದೇ ನೆನಪು ಮಾಡ್ಕೋಬೇಡಿ, ಪ್ಲೀಸ್.

ಮ್ಯಾನ್ಮಾರ್ ಬಗ್ಗೆನೂ ಬರೀಲೇಬೇಕು, ರೋಹಿಂಗ್ಯಾ ಜನರ ಮೇಲಿನ ದ್ವೇಷ ಹರಡೋದರಲ್ಲಿ ಫೇಸ್‌ಬುಕ್ ಪಾತ್ರ ಇತ್ತು ಅಂತ ವಿಶ್ವಸಂಸ್ಥೆಯ ತನಿಖಾ ತಂಡ 2018ರಲ್ಲೇ ಹೇಳ್ತು. ಅದು ನಡೆದಾಗ ಏಳು ಲಕ್ಷಕ್ಕಿಂತ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿ ಬಂದ್ರು. ಕಂಪನಿ ಒಂದು ದೇಶದ್ದು, ರಕ್ತ ಹರಿದಿದ್ದು ಇನ್ನೊಂದು ದೇಶದಲ್ಲಿ, ನಿರಾಶ್ರಿತರ ಹೊರೆ ಮೂರನೇ ದೇಶಕ್ಕೆ. ಯಾವ ಒಪ್ಪಂದದ ಕೆಳಗೆ ಯಾರು ಯಾರನ್ನ ಕೇಳ್ಬೇಕು? ಇವತ್ತಿಗೂ ಸರಿಯಾದ ಉತ್ತರ ಇಲ್ಲ.

ಕಡಲಾಚೆ

ಸಣ್ಣ ದೇಶಗಳ ಬಗ್ಗೆ ಚಿಕ್ಕದಾಗಿ. ಎಸ್ಟೋನಿಯಾ, ಜನಸಂಖ್ಯೆ 13-14 ಲಕ್ಷ, 2007ರಲ್ಲಿ ಸೋವಿಯತ್ ಕಾಲದ ಒಂದು ಸೈನಿಕ ಪ್ರತಿಮೆ ಬೇರೆ ಕಡೆ ಸಾಗಿಸಿದ್ದಕ್ಕೆ ಬ್ಯಾಂಕು, ಪೇಪರು, ಸರ್ಕಾರಿ ಸೈಟು ಎಲ್ಲದರ ಮೇಲೆ ವಾರಗಟ್ಟಲೆ ಸೈಬರ್ ದಾಳಿ ಆಯ್ತು. ಮರುವರ್ಷವೇ ನ್ಯಾಟೋದ ಸೈಬರ್ ರಕ್ಷಣಾ ಕೇಂದ್ರ ಅವ್ರ ರಾಜಧಾನಿ ಟ್ಯಾಲಿನ್‌ನಲ್ಲಿ ಶುರುವಾಯ್ತು. ಸೈಬರ್ ಯುದ್ಧಕ್ಕೆ ಅಂತರರಾಷ್ಟ್ರೀಯ ಕಾನೂನು ಹೇಗೆ ಅನ್ವಯ ಆಗತ್ತೆ ಅಂತ ತಜ್ಞರು 2013ರಲ್ಲಿ ತಂದ ಕೈಪಿಡಿಗೆ ಆ ಊರಿನ ಹೆಸರೇ ಇದೆ. ಆಮೇಲೆ ಅವ್ರು ಲಕ್ಸೆಂಬರ್ಗ್‌ನಲ್ಲಿ ಡೇಟಾ ಎಂಬಸಿ ಮಾಡಿದ್ರು, ಜನನ ಮರಣ, ಆಸ್ತಿ ದಾಖಲೆಗಳ ನಕಲು ಅಲ್ಲಿ ಇರತ್ತೆ, ರಾಯಭಾರ ಕಚೇರಿಗೆ ಇರೋ ರಕ್ಷಣೆಯೇ ಆ ಸರ್ವರ್‌ಗಳಿಗೂ. ನಾಳೆ ನೆಲನೇ ಹೋದ್ರೂ ದೇಶದ ಕಾಗದ ಪತ್ರ ಉಳೀಲಿ ಅಂತ. ಉಕ್ರೇನ್ 2022ರ ಫೆಬ್ರವರಿಲಿ ರಷ್ಯಾ ನುಗ್ಗೋಕೆ ಕೆಲವೇ ದಿನ ಮುಂಚೆ ಕಾನೂನು ಬದಲಾಯಿಸಿ ಸರ್ಕಾರಿ ಡೇಟಾನ ಹೊರದೇಶದ ಕ್ಲೌಡ್‌ಗೆ ಸಾಗಿಸಿದ್ದು ಇದೇ ಯೋಚನೆ.

ಡೆನ್ಮಾರ್ಕ್ 2017ರಲ್ಲಿ ಟೆಕ್ ಕಂಪನಿಗಳಿಗೆ ಅಂತಲೇ ಒಬ್ಬ ರಾಯಭಾರಿ ನೇಮಿಸಿ ಸಿಲಿಕಾನ್ ವ್ಯಾಲಿಗೆ ಕಳಿಸ್ತು. ಆಗ ಸುಮಾರು ಜನ ಇದೇನು ನಾಟಕ ಅಂದ್ರು. ಐದು ವರ್ಷ ಬಿಟ್ಟು 2022ರ ಫೆಬ್ರವರಿ 26ಕ್ಕೆ ಉಕ್ರೇನ್ ಮಂತ್ರಿ ಫೆದೊರೊವ್ ಟ್ವಿಟರ್‌ನಲ್ಲಿ ಎಲಾನ್ ಮಸ್ಕ್ ಹತ್ರ ಅವ್ರ ಸ್ಯಾಟಲೈಟ್ ಇಂಟರ್ನೆಟ್ ಸ್ಟಾರ್‌ಲಿಂಕ್ ಕೇಳಿದ್ರು, ಕೆಲವೇ ಗಂಟೇಲಿ ಆನ್ ಆಯ್ತು. ಆಮೇಲೆ ಕ್ರೈಮಿಯಾದ ಸೆವಾಸ್ಟೊಪೊಲ್ ಕಡೆ ಆನ್ ಮಾಡಿ ಅಂದಾಗ ನಾನು ಮಾಡ್ಲಿಲ್ಲ ಅಂತ 2023ರಲ್ಲಿ ಮಸ್ಕ್ ಅವ್ರೇ ಹೇಳಿಕೊಂಡ್ರು. ಯುದ್ಧದ ಒಂದು ಕಾರ್ಯಾಚರಣೆ ನಡೀಬೇಕಾ ಬೇಡ್ವಾ ಅನ್ನೋದು ಒಬ್ಬ ಉದ್ಯಮಿ ಕೈಲಿ. ಡೆನ್ಮಾರ್ಕ್ ಮಾಡಿದ್ದು ಸರಿ ಅಂತ ನಂಗೆ ಅನ್ಸೋದು ಇದಕ್ಕೇ. ಸಣ್ಣ ದೇಶಗಳು ಬೇಗ ನೋಡ್ತವೆ, ಯಾಕಂದ್ರೆ ಅವಕ್ಕೆ ತಡ ಮಾಡೋಷ್ಟು ಬಲ ಇಲ್ಲ.

ಸಂಧಿವಿಗ್ರಹಿ

ತಂತಿಮನೆ ಅವ್ರೇ, ಎಮ್ಸ್ ಉದಾಹರಣೆ ಚೆನ್ನಾಗಿದೆ, ಆದ್ರೆ ಅದು ನನ್ನ ಭಯನ ಇನ್ನೂ ಜಾಸ್ತಿ ಮಾಡತ್ತೆ. 1870ರಲ್ಲಿ ಆ ಆರು ದಿನದ ಕೊನೇಲಿ ಇದ್ದಿದ್ದು ಕುದುರೆ, ಫಿರಂಗಿ. ಈಗ ಇರೋದು ಅಣ್ವಸ್ತ್ರ.

1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಎಚ್ಚರಿಕೆ ಕೇಂದ್ರದಲ್ಲಿ ಕಂಪ್ಯೂಟರ್ ಅಮೆರಿಕದಿಂದ ಐದು ಮಿಸೈಲ್ ಬರ್ತಿದೆ ಅಂತ ತೋರಿಸ್ತು. ಡ್ಯೂಟಿಲಿದ್ದ ಸ್ಟಾನಿಸ್ಲಾವ್ ಪೆಟ್ರೊವ್ ಯುದ್ಧ ಶುರು ಮಾಡೋರು ಬರೀ ಐದು ಕಳಿಸ್ತಾರಾ ಅಂತ ಯೋಚ್ನೆ ಮಾಡಿ ಇದು ಸುಳ್ಳು ಅಲಾರಂ ಅಂತ ಮೇಲೆ ವರದಿ ಮಾಡಿದ್ರು. ಸ್ಯಾಟಲೈಟು ಮೋಡದ ಮೇಲಿನ ಬಿಸಿಲನ್ನ ಮಿಸೈಲ್ ಅಂದ್ಕೊಂಡಿತ್ತು. 2024ರ ನವೆಂಬರ್ 16ಕ್ಕೆ ಲಿಮಾದಲ್ಲಿ ಬೈಡನ್, ಷಿ ಜಿನ್‌ಪಿಂಗ್ ಅಣ್ವಸ್ತ್ರ ಬಳಸೋ ತೀರ್ಮಾನ ಮನುಷ್ಯರ ಕೈಲೇ ಇರ್ಬೇಕು, ಎಐಗೆ ಕೊಡಬಾರ್ದು ಅಂತ ಒಪ್ಪಿದ್ದು ನಂಗೆ ದೊಡ್ಡ ವಿಷ್ಯನೇ. ಆದ್ರೆ ಬಟನ್ ಒತ್ತೋನು ಮನುಷ್ಯ ಆಗಿದ್ರೂ ಅವನ ಮುಂದೆ ಬರೋ ಚಿತ್ರ, ಸಾರಾಂಶ, ಸಲಹೆ ಎಲ್ಲಾ ಎಐ ಮಾಡಿದ್ದಾದ್ರೆ, ಎರಡು ನಿಮಿಷದಲ್ಲಿ ಅದನ್ನ ಅನುಮಾನಿಸೋಕೆ ಅವನಿಗೆ ಏನು ಆಧಾರ ಇರತ್ತೆ?

ಒಪ್ಪಂದ ಮಾಡ್ಬಹುದಲ್ಲ ಅಂದ್ರೆ, ಹಳೇ ಶಸ್ತ್ರ ಒಪ್ಪಂದಗಳು ನಿಂತಿದ್ದು ಎಣಿಸೋದರ ಮೇಲೆ. 1987ರ ಐಎನ್‌ಎಫ್ ಒಪ್ಪಂದ (ಮಧ್ಯಮ ದೂರದ ಮಿಸೈಲ್‌ಗಳನ್ನ ನಾಶ ಮಾಡೋದು) ಆದ್ಮೇಲೆ ಅಮೆರಿಕದ ಇನ್‌ಸ್ಪೆಕ್ಟರ್‌ಗಳು ರಷ್ಯಾದ ವೋಟ್ಕಿನ್ಸ್ಕ್ ಮಿಸೈಲ್ ಫ್ಯಾಕ್ಟರಿ ಗೇಟಲ್ಲೇ ವಾಸ ಇದ್ರು, ಸೋವಿಯತ್‌ನವ್ರು ಯೂಟಾ ರಾಜ್ಯದ ಮ್ಯಾಗ್ನಾದಲ್ಲಿ, ಹೊರಗೆ ಹೋಗೋ ಪೆಟ್ಟಿಗೆ ಅಳತೆ ಮಾಡ್ತಾ. ಎಐ ಮಾಡೆಲ್ ಒಂದು ಫೈಲು, ಯಾವ ಗೇಟಲ್ಲಿ ಏನು ಅಳೀತೀರಾ? ಅದಕ್ಕೇ ಬ್ರಿಟನ್ನಿನ ಬ್ಲೆಚ್ಲಿಯಲ್ಲಿ ನಡೆದ ಎಐ ಸುರಕ್ಷತೆ ಸಭೇಲಿ 2023ರ ನವೆಂಬರ್‌ನಲ್ಲಿ ಅಮೆರಿಕ, ಚೀನಾ ಸೇರಿ 28 ದೇಶ ಸಹಿ ಹಾಕಿದ ಕಾಗದದಲ್ಲಿ ಕಾಳಜಿ ಇತ್ತು, ಕಡ್ಡಾಯ ಇರ್ಲಿಲ್ಲ, 2025ರ ಫೆಬ್ರವರಿಲಿ ಪ್ಯಾರಿಸ್‌ನ ಎಐ ಸಭೇಲಿ ತಂದ ಹೇಳಿಕೆಗೆ ಅಮೆರಿಕ, ಬ್ರಿಟನ್ ಸಹಿನೇ ಹಾಕ್ಲಿಲ್ಲ. ತಾನೇ ಗುರಿ ಹುಡುಕಿ ಕೊಲ್ಲೋ ಆಯುಧಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಸಾಮಾನ್ಯ ಸಭೆಲಿ 152 ದೇಶ ನಿರ್ಣಯದ ಪರ ಮತ ಹಾಕಿದ್ವು, ವಿರುದ್ಧ ಹಾಕಿದ್ದು ನಾಲ್ಕು: ರಷ್ಯಾ, ಬೆಲಾರೂಸ್, ಮಾಲಿ, ಭಾರತ. ಸೆಮಿನಾರ್‌ನಲ್ಲಿ ಇದನ್ನ ಹೇಳಿ, ಪ್ರಶ್ನೆ ಬರತ್ತೆ, ಬರ್ಲಿ.

ವೇಫರ್_ವಿಶ್ವ

ಗೇಟಲ್ಲಿ ಏನು ಅಳೀತೀರಾ ಅಂದ್ರಲ್ಲ, ಚಿಪ್ ಅಳೀಬಹುದು. ಮಾಡೆಲ್ ಕಾಣಲ್ಲ ನಿಜ, ಆದ್ರೆ ದೊಡ್ಡ ಮಾಡೆಲ್ ಟ್ರೈನ್ ಮಾಡೋಕೆ ಸಾವಿರಾರು ಚಿಪ್ ಒಂದೇ ಕಡೆ ಬೇಕು, ಅದಕ್ಕೆ ಕರೆಂಟು, ಕೂಲಿಂಗ್ ಬೇಕು, ಅದು ಆಕಾಶದಿಂದಲೂ ಕಾಣತ್ತೆ. ಒಪ್ಪಂದ ಅಂತ ಆದ್ರೆ ಅದು ಚಿಪ್ ಎಣಿಕೆ ಮೇಲೇ ಆಗ್ಬೇಕು ಅನ್ನೋ ವಾದ ಇದೆ, ನಂಗೆ ಅದು ಸರಿ ಅನ್ಸತ್ತೆ. ಆದ್ರೆ ಟ್ರೈನ್ ಆದ್ಮೇಲೆ ಬಳಸೋದನ್ನ ಹಿಡಿಯೋಕಾಗಲ್ಲ, ಅದು ಒಪ್ಪಿದೆ.

ಪ್ರಶ್ನೆ_ಜಾಸ್ತಿ

ಈಗ ನಂಗೆ ಒಂದು ದಾರಿ ಕಾಣ್ತಿದೆ, ಟಾಪಿಕ್ ಸಣ್ಣ ಮಾಡ್ಕೊಂಡು "ಬಿಕ್ಕಟ್ಟಿನ ಸಮಯದಲ್ಲಿ ನಂಬಿಕೆ" ಅಂತ ಇಟ್ಕೊಳ್ತೀನಿ, ಎಮ್ಸ್‌ನಿಂದ ಶುರು ಮಾಡಿ ರೂಬಿಯೋ ನಕಲಿ ಧ್ವನಿವರೆಗೆ. ಒಂದೇ ಒಂದು ಕೊನೇ ಪ್ರಶ್ನೆ, ಮುಖ, ಧ್ವನಿ ಎರಡೂ ನಂಬೋಕಾಗದಿದ್ರೆ ಇಬ್ಬರು ನಾಯಕರು ಬಿಕ್ಕಟ್ಟಲ್ಲಿ ಮಾತಾಡೋಕೆ ಏನು ಉಳಿಯತ್ತೆ? ಹಾಟ್‌ಲೈನ್ ಅಂತ ಇದ್ಯಲ್ಲ, ಅದೂ ಫೋನೇ ಅಲ್ವಾ?

ತಂತಿಮನೆ

ಅಲ್ರಿ, ಅದು ಫೋನ್ ಅಲ್ಲ. ಸಿನಿಮಾದಾಗ ಕೆಂಪು ಫೋನ್ ತೋರಸ್ತಾರ, ಖರೇ ಹಂಗಿಲ್ಲ. ಕ್ಯೂಬಾ ಬಿಕ್ಕಟ್ಟಿನ್ಯಾಗ ಒಬ್ಬರ ಸಂದೇಶ ಇನ್ನೊಬ್ಬರಿಗೆ ಮುಟ್ಟಾಕ ತಾಸುಗಟ್ಟಲೆ ಹಿಡೀತು ಅಂತ 1963ರಾಗ ವಾಷಿಂಗ್ಟನ್-ಮಾಸ್ಕೋ ನಡುವ ಹಾಕಿದ್ದು ಟೆಲಿಪ್ರಿಂಟರ್ ಲೈನ್. ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ ಹಾದು ಹೋಗ್ತಿತ್ತು. ಬೇಕಂತನ ಧ್ವನಿ ಬಿಟ್ಟಿದ್ದರು, ಸಿಟ್ಟಿನ್ಯಾಗ ಬಾಯಿಂದ ಬಿದ್ದ ಮಾತು, ಅವಸರದ ಅನುವಾದ ಇವು ಕೆಲಸ ಕೆಡಸ್ತಾವ, ಬರದದ್ದನ್ನ ಓದಿ ವಿಚಾರ ಮಾಡಾಕ ಆಗ್ತದ ಅಂತ. ಅವರು ಅವರ ಭಾಷಾದಾಗ ಬರೀಬೇಕು, ಇವರು ಇವರ ಭಾಷಾದಾಗ, ಅನುವಾದ ಮುಟ್ಟಿದ ಕಡೆ. ಎರಡೂ ಕಡೆ ಆಪರೇಟರ್‌ಗಳು ತಾಸಿಗೊಮ್ಮೆ ಟೆಸ್ಟ್ ಸಂದೇಶ ಕಳಿಸಿ ಲೈನ್ ಜೀವಂತ ಐತೋ ಇಲ್ಲೋ ನೋಡ್ತಿದ್ರು. ಮುಂದ ಸ್ಯಾಟಲೈಟ್ ಬಂತು, ಫ್ಯಾಕ್ಸ್ ಬಂತು, 2008ರ ಮ್ಯಾಲೆ ಈಮೇಲ್ ಆತು, ಆದ್ರ ಬರವಣಿಗಿ ಬಿಟ್ಟಿಲ್ಲ.

ನಿಮ್ಮ ಸೆಮಿನಾರ್‌ದಾಗ ಈ ಲೈನಿಗೆ ಒಂದು ಸ್ಲೈಡ್ ಇಡ್ರಿ. ರೂಬಿಯೋ ಹೆಸರಿನ್ಯಾಗ ಬಂದದ್ದು ಸಿಗ್ನಲ್ ಆಪ್‌ದಾಗ, ಕುಲೇಬಾ ಹೆಸರಿನ್ಯಾಗ ಬಂದದ್ದು ವಿಡಿಯೋ ಕಾಲ್‌ದಾಗ, ಎರಡೂ ಯಾರು ಬೇಕಾದವ್ರು ಬಳಸೋ ದಾರಿ. ಕಾವಲು ಇರೋ ಲೈನ್ ಎಷ್ಟು ದೇಶದ ನಡುವ ಅದ, ಎಲ್ಲೆಲ್ಲಿ ಇಲ್ಲ ಅಂತ ಹುಡುಕಿ ಒಂದು ನಕ್ಷಾ ಮಾಡ್ರಿ, ಸಿಕ್ಕದ್ದು ಇಲ್ಲೇ ಹಾಕ್ರಿ, ನಾವೂ ನೋಡ್ತೇವಿ.